ಕೀಲಿಕೈ ಯಾರ ಕೈಯಲ್ಲಿರಬೇಕು?

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ನಾವು ನಗುತ್ತಲೇ ಆಡುತ್ತೇವೆ. ಆದರೆ ಮನೆಯ ಹಿರಿಯರು ನಿತ್ಯ ಹೋಗುವ ಹೊಲದ ದಾರಿಯನ್ನೇ ತಪ್ಪಿ, ಸಂಜೆಯವರೆಗೆ ಬೈಕಿನಲ್ಲಿ ಅಲೆದು ಬಂದ ದಿನ ಆ ನಗೆ ಉಳಿಯುವುದಿಲ್ಲ. ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ಮುಪ್ಪಿನ ಸಹಜ ಧರ್ಮವಲ್ಲ. ಅದು ಮಿದುಳಿನ ವ್ಯಾಧಿ.

ವಾಹನ ನಡೆಸಲು ನೆನಪೊಂದೇ ಸಾಲದು. ಸುತ್ತಲೂ ಗಮನವಿಡುವುದು, ದೂರವನ್ನು ಅಂದಾಜಿಸುವುದು, ಕ್ಷಣಮಾತ್ರದಲ್ಲಿ ನಿರ್ಧರಿಸುವುದು ಇವೆಲ್ಲವೂ ಬೇಕು. ಈ ವ್ಯಾಧಿ ಇವನ್ನೆಲ್ಲ ಕುಂದಿಸುವುದಲ್ಲದೆ, ಎಷ್ಟೋ ಸಲ ತನ್ನ ಕೊರತೆ ತನಗೇ ತಿಳಿಯದಂತೆ ಮಾಡುತ್ತದೆ. ಆದ್ದರಿಂದ ‘ನಲವತ್ತು ವರ್ಷದಿಂದ ಗಾಡಿ ಓಡಿಸಿದ್ದೇನೆ’ ಎಂಬ ಹಿರಿಯರ ಮಾತು ಪ್ರಾಮಾಣಿಕವಾದರೂ ಪ್ರಮಾಣವಾಗಲಾರದು.

ನಮ್ಮ ದೇಶದಲ್ಲಿ 55 ವರ್ಷ ದಾಟಿದವರು ಚಾಲನಾ ಪರವಾನಗಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ವೈದ್ಯರ ಪ್ರಮಾಣಪತ್ರವನ್ನೂ ಒಪ್ಪಿಸಬೇಕು. ಆದರೆ ಆ ಪತ್ರವು ಮುಖ್ಯವಾಗಿ ಕಣ್ಣು, ಕಿವಿ, ಕೈಕಾಲುಗಳನ್ನು ಕುರಿತದ್ದು. ನೆನಪು ವಿವೇಚನೆಗಳಿಗೆ ಅದರಲ್ಲಿ ಪ್ರತ್ಯೇಕ ಪರೀಕ್ಷೆಯಿಲ್ಲ. ರೋಗದ ಕಾರಣದಿಂದ ಪರವಾನಗಿಯನ್ನು ರದ್ದುಪಡಿಸುವ ಅಧಿಕಾರವನ್ನು 1988ರ ಮೋಟಾರು ವಾಹನ ಕಾಯ್ದೆಯ 16ನೆಯ ಕಲಮು ನೀಡಿದೆ. ಆದರೆ ಮನೆಯೊಳಗಿನ ಮರೆವು ಕಚೇರಿಗೆ ತಿಳಿಯುವ ಬಗೆಯೆಂತು? ಮೊದಲ ಹೊಣೆ ಕುಟುಂಬದ್ದೇ ಎಂಬುದು ನಮ್ಮ ನಿಲುವು.

ಹಾಗೆಂದು ವಯಸ್ಸನ್ನಾಗಲಿ ರೋಗದ ಹೆಸರನ್ನಾಗಲಿ ನೋಡಿ ತೀರ್ಪು ಕೊಡುವುದು ಅನ್ಯಾಯ. ಥೈರಾಯ್ಡ್ ತೊಂದರೆ, ಬಿ12 ಜೀವಸತ್ವದ ಕೊರತೆ, ನಿದ್ರೆಯ ಮಾತ್ರೆಗಳಿಂದಲೂ ಮರೆವು ಬರಬಹುದು. ಮೊದಲು ಅವನ್ನು ಪರೀಕ್ಷಿಸಬೇಕು. ರೋಗದ ಆರಂಭದಲ್ಲಿ ಕೆಲವರು ಸುರಕ್ಷಿತವಾಗಿಯೇ ವಾಹನ ನಡೆಸಬಲ್ಲರು. ಗಡಿಯಾರದ ಚಿತ್ರ ಬರೆಯಿಸುವುದು, ಅಂಕಿಗಳನ್ನು ಕ್ರಮವಾಗಿ ಗೆರೆಯಿಂದ ಜೋಡಿಸುವುದು ಮೊದಲಾದ ಪರೀಕ್ಷೆಗಳಿಂದ ವೈದ್ಯರಿಗೆ ಸುಳಿವು ಸಿಗುತ್ತದೆ. ಆದರೆ ನುರಿತವರನ್ನು ಪಕ್ಕದಲ್ಲಿ ಕೂರಿಸಿಕೊಂಡು ರಸ್ತೆಯಲ್ಲಿ ಓಡಿಸಿ ತೋರಿಸುವುದೇ ಹೆಚ್ಚು ನಂಬಬಹುದಾದ ಪರೀಕ್ಷೆ. ಒಮ್ಮೆ ತೇರ್ಗಡೆಯಾದರೂ 6 ತಿಂಗಳಿಗೊಮ್ಮೆ ಮರುಪರೀಕ್ಷೆ ಒಳಿತು. ರೋಗ ಮಧ್ಯಮ ಹಂತಕ್ಕೆ ಬಂದಮೇಲೆ ಚಾಲನೆಯನ್ನು ನಿಲ್ಲಿಸಲೇಬೇಕು.

ವಾಹನದ ಮೇಲೆ ಹೊಸ ಹೊಸ ಗೀರುಗಳು, ಬ್ರೇಕು ಆಕ್ಸಿಲರೇಟರುಗಳ ಗೊಂದಲ, ಪರಿಚಿತ ತಿರುವಿನಲ್ಲಿ ದಿಗ್ಭ್ರಮೆ ಇವು ಎಚ್ಚರಿಕೆಯ ಗಂಟೆಗಳು. ‘ಇವರ ಹಿಂದೆ ಮೊಮ್ಮಗುವನ್ನು ನಿಶ್ಚಿಂತೆಯಿಂದ ಕೂರಿಸುವೆವೇ?’ ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ. ಇಲ್ಲವೆಂದಾದರೆ, ಬೀದಿಯಲ್ಲಿ ನಡೆಯುವ ಅನ್ಯರ ಮಕ್ಕಳೂ ಮಕ್ಕಳೇ ಅಲ್ಲವೇ?

ಕೀಲಿಕೈ ಬಚ್ಚಿಟ್ಟ ಮಾತ್ರಕ್ಕೆ ಕರ್ತವ್ಯ ಮುಗಿಯದು. ಕಾಯಕದಲ್ಲಿ ಬಾಳಿದ ಜೀವಕ್ಕೆ ಅದು ಕೈಕಾಲು ಕಟ್ಟಿದಂತೆ. ಹೊಲಕ್ಕೆ, ಸಂತೆಗೆ, ಮಠಕ್ಕೆ ಅವರನ್ನು ಕರೆದೊಯ್ಯುವವರು ಯಾರೆಂಬುದನ್ನು ಮೊದಲೇ ನಿಶ್ಚಯಿಸಿ, ಅವರ ಎದುರಿಗೇ ಕುಳಿತು ಗೌರವದಿಂದ ಮಾತನಾಡಬೇಕು. ಕೀಲಿಕೈ ಪಡೆದವರು ಸಾರಥ್ಯವನ್ನೂ ವಹಿಸಿಕೊಳ್ಳಲಿ. ಮುಂದಿನ ಅಮಾವಾಸ್ಯೆಗೆ ಶ್ರೀಮಠಕ್ಕೆ ಬರುವಾಗ ಹಿರಿಯರನ್ನು ಜೊತೆಯಲ್ಲಿ ಕೂರಿಸಿಕೊಂಡು ಬನ್ನಿ.