ಉದ್ದ ಜಡೆಯ ಲೆಕ್ಕಾಚಾರ

ತಾಯಿಯೊಬ್ಬರು ಕಾಗದ ಬರೆದಿದ್ದಾರೆ: "ಮೇಷ್ಟ್ರೇ, ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಸೊಂಟದವರೆಗೆ ಕೂದಲು. ನಮ್ಮಲ್ಲಿ ಬೋರ್‌ವೆಲ್ ನೀರು. ಬಾಚಿದರೆ ಹಿಡಿ ಹಿಡಿ ಉದುರುತ್ತದೆ. ಪರೀಕ್ಷೆ ಮುಗಿಯುವ ತನಕ ಕತ್ತರಿಸಿಬಿಡೋಣ ಅಂದರೆ ಊಟ ಬಿಟ್ಟು ಕೂತಿದ್ದಾಳೆ. ಏನು ಮಾಡಲಿ?"

ಅಮ್ಮನ ಕಷ್ಟವೂ ನಿಜ, ಮಗಳ ಅಳುವೂ ನಿಜ. ಕತ್ತರಿ ಕೈಗೆತ್ತಿಕೊಳ್ಳುವ ಮೊದಲು ಸ್ವಲ್ಪ ವಿಜ್ಞಾನ ನೋಡೋಣ.

ಕೂದಲು ಕೆರಟಿನ್ ಎಂಬ ಪ್ರೋಟೀನಿನಿಂದ ಆದದ್ದು. ನಮ್ಮ ಉಗುರೂ ಅದೇ. ಚರ್ಮದೊಳಗಿನ ಬುಡ ಮಾತ್ರ ಜೀವಂತ. ಹೊರಗೆ ಕಾಣುವ ಎಳೆಗೆ ಜೀವವಿಲ್ಲ. ಅದು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಅಂದರೆ ವರ್ಷಕ್ಕೆ 12 ಸೆಂಟಿಮೀಟರ್. ಜಡೆ 72 ಸೆಂಟಿಮೀಟರ್ ಇದ್ದರೆ ಅದರ ತುದಿಗೆ ಆರು ವರ್ಷ ವಯಸ್ಸು! ಹತ್ತನೇ ತರಗತಿಯ ಹುಡುಗಿಯ ಜಡೆಯ ತುದಿ, ಅವಳು ನಾಲ್ಕನೇ ತರಗತಿಯಲ್ಲಿದ್ದಾಗ ತಲೆಯಿಂದ ಹೊರಬಂದದ್ದು. ಆರು ವರ್ಷ ಉಟ್ಟ ಬಟ್ಟೆಯನ್ನು ಒಗೆಯುವಾಗ ಎಷ್ಟು ಜೋಪಾನ ಮಾಡುತ್ತೀರಿ? ಅಷ್ಟೇ ಜೋಪಾನ ಇದಕ್ಕೂ ಬೇಕು.

ಒಂದು ಎಳೆಯನ್ನು ಎರಡು ಬೆರಳ ನಡುವೆ ಹಿಡಿದು ಬುಡದಿಂದ ತುದಿಗೆ ಸವರಿ. ನುಣುಪು. ತುದಿಯಿಂದ ಬುಡಕ್ಕೆ ಸವರಿ. ಕೊಂಚ ಒರಟು. ಕೂದಲ ಮೇಲೆ ಮಾಡಿನ ಹಂಚಿನಂತೆ ಒಂದರ ಮೇಲೊಂದು ಹೊದಿಸಿದ ಸೂಕ್ಷ್ಮ ಪದರಗಳಿವೆ. ಅವು ಬಿಗಿಯಾಗಿ ಮಲಗಿದ್ದರೆ ಕೂದಲಿಗೆ ಹೊಳಪು. ಎದ್ದು ನಿಂತರೆ ಸಿಕ್ಕು.

ಅವು ಏಳುವುದು ಯಾವಾಗ? ಸಾಬೂನಿನಂಥ ಕ್ಷಾರ ತಗುಲಿದಾಗ. ಗಡಸು ನೀರಿನಲ್ಲಿ ಇನ್ನೊಂದು ತೊಂದರೆಯಿದೆ. ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಸಾಬೂನಿನೊಡನೆ ಸೇರಿ ಬಿಳಿ ಗಸಿಯಾಗಿ ಕೂದಲಿಗೆ ಅಂಟುತ್ತವೆ. ಬೋರ್‌ವೆಲ್ ನೀರಿನವರು ತಲೆಗೆ ಮೈಸೋಪು ಹಚ್ಚಲೇಬಾರದು.

ನಮ್ಮ ಅಜ್ಜಿಯರ ಸೀಗೇಕಾಯಿ, ಅಂಟುವಾಳಗಳಲ್ಲಿ ಇರುವುದು ಸಪೋನಿನ್ ಎಂಬ ವಸ್ತು. ಅದರ ಅಣುವಿನ ಒಂದು ತುದಿ ಎಣ್ಣೆಯನ್ನು ಹಿಡಿಯುತ್ತದೆ, ಇನ್ನೊಂದು ತುದಿ ನೀರನ್ನು. ಹೀಗೆ ಜಿಡ್ಡು ನೀರಿನೊಡನೆ ಹೋಗುತ್ತದೆ. ಸಾಬೂನಿನಂತೆ ಗಸಿ ಕಟ್ಟುವುದಿಲ್ಲ. ಸೀಗೇಕಾಯಿ ನೀರು ತುಸು ಆಮ್ಲೀಯ, ಆದ್ದರಿಂದ 'ಹಂಚು'ಗಳು ಏಳುವುದಿಲ್ಲ. ಆದರೆ ಅದು ತೊಳೆಯುತ್ತದೆಯೇ ಹೊರತು ಕೂದಲು ಬೆಳೆಸುವುದಿಲ್ಲ. ಶಾಂಪೂ ಬಳಸುವವರೂ ಹೆದರಬೇಕಿಲ್ಲ; ಈಗಿನ ಬಹುತೇಕ ಶಾಂಪೂಗಳು ಸಾಬೂನಲ್ಲ.

ಇನ್ನು ಕ್ರಮ. ಎರೆದುಕೊಳ್ಳುವ ಒಂದೆರಡು ಗಂಟೆ ಮೊದಲು ಕೊಬ್ಬರಿ ಎಣ್ಣೆ ಹಚ್ಚಿ, ನೆತ್ತಿಗೆ ಮಾತ್ರವಲ್ಲ, ಜಡೆಯ ತುದಿಯವರೆಗೂ. ಆರತಿ ರೇಲೆ ಮತ್ತು ಆರ್.ಬಿ. ಮೋಹಿಲೆ ಎಂಬ ನಮ್ಮ ದೇಶದ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಹೋಲಿಸಿದರು. ಕೂದಲಿನ ಪ್ರೋಟೀನ್ ನಷ್ಟವನ್ನು ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರ ಚಿಕ್ಕ ಅಣುಗಳು ಎಳೆಯೊಳಗೆ ಇಳಿಯಬಲ್ಲವು. ತಲೆಯಲ್ಲಿ ಹೊಟ್ಟು ಇರುವವರು ಮಾತ್ರ ನೆತ್ತಿಗೆ ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಡಬೇಡಿ. ಹೊಟ್ಟಿಗೆ ಕಾರಣವಾದ ಸೂಕ್ಷ್ಮಜೀವಿಗೆ ಜಿಡ್ಡೇ ಆಹಾರ.

ಒಣಗಿರುವಾಗಲೇ ಸಿಕ್ಕು ಬಿಡಿಸಿ. ಎರಡು ಮೂರು ಚಮಚ ಸೀಗೇಪುಡಿಯನ್ನು ಬಿಸಿನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿ. ಸೋಸದಿದ್ದರೆ ಚರಟ ಕೂದಲಲ್ಲಿ ಉಳಿಯುತ್ತದೆ. ಕಣ್ಣಿಗೆ ಬಿದ್ದರೆ ಉರಿ ತಪ್ಪದು. ಬೆರಳ ತುದಿಯಿಂದ ನೆತ್ತಿಯನ್ನಷ್ಟೇ ಉಜ್ಜಿ. ಉದ್ದ ಕೂದಲನ್ನು ಗುಡ್ಡೆ ಮಾಡಿ ತಿಕ್ಕಬೇಡಿ. ಇಳಿದು ಬರುವ ನೀರೇ ಅದನ್ನು ತೊಳೆಯುತ್ತದೆ. ನೀರು ಉಗುರುಬೆಚ್ಚಗಿರಲಿ. ಕೊನೆಗೆ ದಾಸವಾಳದ ಎಲೆ ಕಿವುಚಿದ ಲೋಳೆಯನ್ನೋ ನೆನೆಸಿದ ಮೆಂತ್ಯದ ಲೋಳೆಯನ್ನೋ ಸವರಿ ತೊಳೆದರೆ ಎಳೆಗಳು ಒಂದಕ್ಕೊಂದು ಜಾರುತ್ತವೆ.

ಒದ್ದೆ ಕೂದಲು ಒಣ ಕೂದಲಿಗಿಂತ ಬಹಳ ದುರ್ಬಲ, ಎಳೆದರೆ ಹಿಗ್ಗಿ ತುಂಡಾಗುತ್ತದೆ. ಟವೆಲಿನಿಂದ ಬಡಿಯದೆ ಹತ್ತಿಬಟ್ಟೆ ಸುತ್ತಿ ನೀರು ಹೀರಿಸಿ. ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಆರಂಭಿಸಿ ಮೇಲಕ್ಕೆ ಬನ್ನಿ. ಬೆಳಿಗ್ಗೆ ಏಳಕ್ಕೆ ಎರೆದು, ಒದ್ದೆ ತಲೆಗೇ ಎರಡು ಜಡೆ ಬಿಗಿದು, ರಿಬ್ಬನ್ ಕಟ್ಟಿ ಬಸ್ಸಿಗೆ ಓಡಿಸುವುದು ಬೇಡ. ಭಾನುವಾರ ಮಧ್ಯಾಹ್ನ ಎರೆಯಿರಿ. ಹಣೆಯ ಅಂಚು ಎಳೆದು ನೋಯುವಷ್ಟು ಬಿಗಿದ ಜಡೆ ವರ್ಷಗಟ್ಟಲೆ ಮುಂದುವರಿದರೆ ಅಲ್ಲಿನ ಕೂದಲು ಮತ್ತೆ ಹುಟ್ಟದೆ ಹೋಗಬಹುದು.

ಈಗ ಮುಖ್ಯ ಪ್ರಶ್ನೆ. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿವೆ. ದಿನಕ್ಕೆ 50ರಿಂದ 100 ಉದುರುವುದು ಸಹಜ. ಜಡೆಯಲ್ಲಿ ಸಿಕ್ಕಿಕೊಂಡಿದ್ದ ವಾರದ ಕೂದಲೆಲ್ಲ ಎರೆದ ದಿನ ಒಟ್ಟಿಗೆ ಕೈಗೆ ಬರುತ್ತದೆ. ಉದ್ದ ಕೂದಲಾದ್ದರಿಂದ ಮುದ್ದೆ ದೊಡ್ಡದಾಗಿ ಕಾಣುತ್ತದೆ. ಹಾಗಾಗಿ ಹೆದರುವ ಮೊದಲು ಪರೀಕ್ಷಿಸಿ. ಎರಡು ಲಕೋಟೆ ಇಟ್ಟುಕೊಳ್ಳಿ. ಒಂದು ವಾರ ಉದುರಿದ ಎಳೆಗಳನ್ನು ನೋಡಿ: ತುದಿಯಲ್ಲಿ ಬಿಳಿಯ ಚಿಕ್ಕ ಗಂಟಿದ್ದರೆ ಅದು ಬುಡದಿಂದ ಬಂದದ್ದು, ಮೊದಲ ಲಕೋಟೆಗೆ. ಗಂಟಿಲ್ಲದ ತುಂಡುಗಳು ಎರಡನೆಯದಕ್ಕೆ.

ತುಂಡುಗಳೇ ಹೆಚ್ಚಿದ್ದರೆ ದೋಷ ತೊಳೆಯುವ, ಬಾಚುವ ಕ್ರಮದ್ದು. ಮೇಲಿನ ಉಪಾಯ ಸಾಕು. ಗಂಟಿನವು ದಿನಕ್ಕೆ ನೂರನ್ನು ಮೀರಿ, ಅದೇ ತಿಂಗಳುಗಟ್ಟಲೆ ಮುಂದುವರಿದರೆ ಕಾರಣ ದೇಹದೊಳಗಿದೆ. ಜೋರು ಜ್ವರ ಬಂದ ಎರಡು ಮೂರು ತಿಂಗಳ ನಂತರ ಕೂದಲು ಹೀಗೆ ಉದುರುತ್ತದೆ. ಸಾಮಾನ್ಯವಾಗಿ ತಾನಾಗಿ ನಿಲ್ಲುತ್ತದೆ. ಊಟ ಬಿಟ್ಟರೂ ಉದುರುತ್ತದೆ, ಕಬ್ಬಿಣಾಂಶ ಕಡಿಮೆಯಾದರೂ ಉದುರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇ. 59ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಅಂಥವರಿಗೆ ಸುಸ್ತು, ಓದಲು ಕೂತರೆ ತೂಕಡಿಕೆ. ದುಬಾರಿ ಎಣ್ಣೆಯಿಂದ ಅದು ಗುಣವಾಗದು. ವೈದ್ಯರಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಸೊಪ್ಪು, ಕಾಳು, ಜೊತೆಗೆ ನಿಂಬೆಹಣ್ಣು ತಟ್ಟೆಯಲ್ಲಿರಲಿ. ಊಟದ ಹಿಂದೆಯೇ ಚಹಾ ಬೇಡ. ಮಕ್ಕಳೇ, ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಕಿಟಕಿಯಿಂದಾಚೆ ಎಸೆಯಬೇಡಿ.

ಆದ್ದರಿಂದ ತಾಯಿಯೇ, ಕತ್ತರಿಸಿದರೆ ಬಾಚುವ ಶ್ರಮ ಉಳಿದೀತು. ಬುಡದಿಂದ ಉದುರುವುದು ನಿಲ್ಲದು. ಸೀಳಿದ ತುದಿಯನ್ನು ಎರಡು ಬೆರಳಿನಷ್ಟು ತೆಗೆದರೆ ಸಾಕು. ಉಳಿದದ್ದನ್ನು ಲಕೋಟೆ ನೋಡಿದ ಮೇಲೆ ಮಗಳನ್ನು ಕೂರಿಸಿಕೊಂಡು, ಅವಳಿಗೆ ಹೊಟ್ಟೆ ತುಂಬ ಊಟ ಬಡಿಸಿ, ಇಬ್ಬರೂ ಸೇರಿ ತೀರ್ಮಾನಿಸಿ. ಪರೀಕ್ಷೆ ಮುಗಿಯುವ ತನಕ ಜಡೆ ಹಾಕುವ ಹತ್ತು ನಿಮಿಷ ಮನೆಯಲ್ಲಿ ಯಾರಾದರೂ ಕೈಜೋಡಿಸಿದರೆ ಓದಿಗೂ ಅಡ್ಡಿಯಾಗದು. ಅಪ್ಪಂದಿರೂ ಜಡೆ ಹಾಕಲು ಕಲಿಯಬಹುದು, ಕಷ್ಟವೇನಲ್ಲ!