ಹಿಮದಂಗಳದಲ್ಲಿ ಮಗಳಿಗೂ ಜಾಗವಿರಲಿ

ಇಸ್ಲಾಮ್ ಆರಾಧನೆಗೆ ವೇಳೆ ನಿಗದಿಪಡಿಸಿದ ಧರ್ಮ. ಹಾಗೆಂದು ವಿನೋದಕ್ಕೆ ವೇಳೆಯೇ ಇಲ್ಲವೆಂದು ಹೇಳಿದ ಧರ್ಮವಲ್ಲ. ದೇಹಕ್ಕೂ ನಮ್ಮ ಮೇಲೆ ಹಕ್ಕಿದೆ, ಮನೆಯವರಿಗೂ ಹಕ್ಕಿದೆ ಎಂಬುದು ಪ್ರವಾದಿ ಮುಹಮ್ಮದ್(ಸ)ರ ಬೋಧನೆ. ಇದನ್ನು ನಾವೆಲ್ಲರೂ ಒಪ್ಪುತ್ತೇವೆ, ಜುಮಾ ಪ್ರವಚನಗಳಲ್ಲಿ ಕೇಳಿ ತಲೆದೂಗುತ್ತೇವೆ. ಆದರೆ ಕುಟುಂಬಸಮೇತ ವಿಹಾರಕ್ಕೆ ಹೋದ ದಿನ ಈ ಹಕ್ಕು ಮನೆಯ ಎಲ್ಲರಿಗೂ ಸಮನಾಗಿ ಹಂಚಿಕೆಯಾಗುತ್ತದೆಯೇ? ಐಸ್ ಸ್ಕೇಟಿಂಗ್ ಎಂಬ ಒಂದು ಚಿಕ್ಕ ವಿಷಯವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

ಕಬ್ಬಿನ ಹೊಲಗಳ ನಡುವಿನ ಕಲ್ಲೋಳಿಯಲ್ಲಿ ಕುಳಿತು ಹಿಮದ ಮೇಲೆ ಜಾರುವ ಆಟದ ಬಗ್ಗೆ ಬರೆಯುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಕನ್ನಡ ಮಾತನಾಡುವ ಎಷ್ಟೋ ಮುಸ್ಲಿಮ್ ಕುಟುಂಬಗಳು ಇಂದು ಕೊಲ್ಲಿ ರಾಷ್ಟ್ರಗಳಲ್ಲಿವೆ. ಹೊರಗೆ ಮರಳುಗಾಡಿನ ಬಿಸಿಲು, ಒಳಗೆ ಹಿಮದ ಅಂಗಳ ಎಂಬುದು ಅಲ್ಲಿನ ಮಕ್ಕಳಿಗೆ ಸೋಜಿಗವಲ್ಲ. ದುಬೈಯ ಅಲ್ ನಸ್ರ್ ಲೀಷರ್‌ಲ್ಯಾಂಡ್ 1979ರಲ್ಲಿಯೇ ಐಸ್ ರಿಂಕ್ ಕಂಡಿತು. 2008ರಲ್ಲಿ ತೆರೆದ ದುಬೈ ಮಾಲ್‌ನಲ್ಲಿ ಒಲಿಂಪಿಕ್ ಅಳತೆಯ ರಿಂಕ್ ಇದೆ. ಟಿಕೆಟ್ ಪಡೆದು, ಬಾಡಿಗೆಯ ಬೂಟು ಕಟ್ಟಿಕೊಂಡು ಯಾರು ಬೇಕಾದರೂ ಇಳಿಯಬಹುದು. ನಮ್ಮ ಜಿಲ್ಲೆಯಲ್ಲಿ ಹಿಮದ ಅಂಗಳವಿಲ್ಲ. ಆದರೆ ಬೆಳಗಾವಿ ನಗರ ರೋಲರ್ ಸ್ಕೇಟಿಂಗ್‌ಗೆ ಹೆಸರುವಾಸಿಯಾಗಿದೆ. ಬೂಟಿನ ಕೆಳಗೆ ಅಲಗಿದ್ದರೂ ಚಕ್ರವಿದ್ದರೂ ನಾವು ಕೇಳುತ್ತಿರುವ ಪ್ರಶ್ನೆ ಒಂದೇ.

ಅಪ್ಪ ಮತ್ತು ಗಂಡುಮಕ್ಕಳು ಅಂಗಳಕ್ಕಿಳಿಯುತ್ತಾರೆ. ಐದಾರು ವರ್ಷದ ಮಗಳನ್ನೂ ಕರೆದುಕೊಳ್ಳುತ್ತಾರೆ. ಹನ್ನೆರಡು ದಾಟಿದ ಮಗಳು ಮಾತ್ರ ತಾಯಿಯೊಂದಿಗೆ ಹೊರಗಿನ ಬೆಂಚಿನ ಮೇಲೆ ಎಲ್ಲರ ಚಪ್ಪಲಿ, ಚೀಲಗಳನ್ನು ಕಾಯುತ್ತಾ ಕೂರುತ್ತಾಳೆ. ಅವಳಿಗೆ ಯಾರೂ ಬೇಡವೆಂದು ಹೇಳಿರುವುದಿಲ್ಲ, ಬಾ ಎಂದೂ ಹೇಳಿರುವುದಿಲ್ಲ. ಇದನ್ನೇ ನಾವು ಹಯಾ ಎಂದು ಕರೆದುಕೊಂಡು ಸಮಾಧಾನಪಟ್ಟುಕೊಳ್ಳುತ್ತೇವೆ.

ಪ್ರವಾದಿವರ್ಯರ(ಸ) ಮನೆಯಲ್ಲಿ ಹೀಗಿತ್ತೇ? ಈದ್‌ನ ದಿನ ಮಸೀದಿಯ ಅಂಗಳದಲ್ಲಿ ಅಬಿಸೀನಿಯಾದವರು ಭರ್ಚಿಗಳೊಂದಿಗೆ ಕಸರತ್ತು ನಡೆಸುತ್ತಿದ್ದಾಗ ಹಝ್ರತ್ ಆಯಿಶಾ(ರ) ಅದನ್ನು ನೋಡಬಯಸಿದರು. ಪ್ರವಾದಿ(ಸ) ತಮ್ಮ ಮೇಲುಹೊದಿಕೆಯನ್ನು ಮರೆಮಾಡಿ ಹಿಡಿದು, ಆಯಿಶಾ(ರ)ರಿಗೇ ಸಾಕೆನಿಸುವ ತನಕ ನಿಂತರು. ಆಟದ ಆಸೆಯುಳ್ಳ ಎಳೆಯ ಹುಡುಗಿಯ ಮನಸ್ಸನ್ನು ನೀವೇ ಅಂದಾಜಿಸಿಕೊಳ್ಳಿ ಎಂಬ ಅರ್ಥದ ಮಾತನ್ನು ಅವರು ಮುಂದೆ ಕೇಳುಗರಿಗೆ ಹೇಳಿದ್ದು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ದಾಖಲಾಗಿದೆ. ಭರ್ಚಿಯಾಟದವರನ್ನು ತಡೆಯಲು ಹಝ್ರತ್ ಉಮರ್(ರ) ಮುಂದಾದಾಗ, ಅವರ ಪಾಡಿಗೆ ಬಿಡುವಂತೆ ಪ್ರವಾದಿ(ಸ) ಸೂಚಿಸಿದರೆಂಬ ವರದಿಯೂ ಇದೆ.

ಗಮನಿಸಿ, ಅಲ್ಲಿ ಮರೆಯೂ ಇತ್ತು, ಆನಂದವೂ ಇತ್ತು. ಆನಂದವನ್ನು ತಡೆಯುವುದಕ್ಕಲ್ಲ, ಅದು ಗೌರವದಿಂದ ಸಿಗಲೆಂದೇ ಆ ಮರೆ ಇದ್ದುದು. ಇನ್ನು ನೋಡುವುದಷ್ಟೇ ಹೆಣ್ಣಿನ ಪಾಲು ಎನ್ನುವವರಿಗೆ ಅಬೂದಾವೂದ್ ಗ್ರಂಥದ ವರದಿ ಉತ್ತರವಾಗಿದೆ. ಪ್ರಯಾಣವೊಂದರಲ್ಲಿ ಆಯಿಶಾ(ರ) ಪ್ರವಾದಿಯವರೊಂದಿಗೆ(ಸ) ಓಟದ ಪಂದ್ಯ ನಡೆಸಿ ಗೆದ್ದರು. ಕಾಲಾನಂತರ ಮತ್ತೊಮ್ಮೆ ಓಡಿದಾಗ ಪ್ರವಾದಿ(ಸ) ಗೆದ್ದರು. ಅಂದು ಓಡಿದವರು ಸತ್ಯವಿಶ್ವಾಸಿಗಳ ಮಾತೆ. ಇಂದು ನಮ್ಮ ಹೆಣ್ಣುಮಕ್ಕಳು ಹೆಜ್ಜೆ ಬಿರುಸಾಗಿಸಿದರೂ ಹುಬ್ಬುಗಂಟಿಕ್ಕುವ ನಾವು, ಯಾರ ಸುನ್ನತ್ತನ್ನು ಪಾಲಿಸುತ್ತಿದ್ದೇವೆಂದು ಕೇಳಿಕೊಳ್ಳಬೇಕು.

ಉಡುಪಿನ ಆಕ್ಷೇಪವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಐಸ್ ರಿಂಕ್ ಮೈ ಮುಚ್ಚಿಕೊಳ್ಳಲೇಬೇಕಾದ ಜಾಗ. ಕಾಂಕ್ರೀಟಿನಡಿಯ ಕೊಳವೆಗಳಲ್ಲಿ ಅತಿ ತಣ್ಣನೆಯ ದ್ರವ ಹರಿಸಿ, ಮೇಲೆ ಪದರಪದರವಾಗಿ ನೀರು ಹೆಪ್ಪುಗಟ್ಟಿಸಿದ ಆ ನೆಲದ ಮೇಲೆ ಉದ್ದ ತೋಳು, ದಪ್ಪ ಕಾಲುಚೀಲ, ಕೈಗವುಸು ಎಲ್ಲರಿಗೂ ಬೇಕು. ಜಾರುವ ಅಬಾಯ ಅಲಗಿಗೆ ಸಿಕ್ಕಿದರೆ ಅಪಾಯ. ಮೊಣಕಾಲಿಗಿಂತ ಕೆಳಗಿನ ಸಡಿಲ ಮೇಲಂಗಿ, ಪೂರ್ಣ ಪಾಯಿಜಾಮ, ಬಿಗಿಯಾಗಿ ಸಿಕ್ಕಿಸಿದ ತಲೆವಸ್ತ್ರ ಇದ್ದರೆ ಪರ್ದಾದ ಉದ್ದೇಶವೂ ಈಡೇರುತ್ತದೆ, ಸುರಕ್ಷತೆಯೂ ದೊರೆಯುತ್ತದೆ.

ಇದು ಕೇವಲ ವಾದವಲ್ಲ. ಅಬುಧಾಬಿಯ ಝಹ್ರಾ ಲಾರಿ ಎಂಬ ಯುವತಿ 2012ರಲ್ಲಿ ಇಟಲಿಯಲ್ಲಿ ನಡೆದ ಯುರೋಪಿಯನ್ ಕಪ್‌ನ ಫಿಗರ್ ಸ್ಕೇಟಿಂಗ್‌ನಲ್ಲಿ ತಲೆವಸ್ತ್ರ ಧರಿಸಿಯೇ ಸ್ಪರ್ಧಿಸಿದರು. ತೀರ್ಪುಗಾರರು ಆ ವಸ್ತ್ರಕ್ಕಾಗಿ ಅಂಕ ಕಳೆದರು. ಅವರು ಹಿಜಾಬನ್ನೂ ಬಿಡಲಿಲ್ಲ, ಆಟವನ್ನೂ ಬಿಡಲಿಲ್ಲ. ಅವರ ಕಡೆಯವರು ವಿಷಯವನ್ನು ಅಂತಾರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟದ ಮುಂದಿಟ್ಟರು. ನಂತರ ಹಿಜಾಬಿಗೆ ಅಂಕ ಕಳೆಯುವ ಪದ್ಧತಿ ಕೈಬಿಡಲಾಯಿತು. ಹೊರಗಿನವರು ಹಿಜಾಬ್ ನೋಡಿ ಮೈದಾನದ ಬಾಗಿಲು ಮುಚ್ಚಿದರೆ ನಾವು ಅನ್ಯಾಯವೆಂದು ನೋಯುತ್ತೇವೆ, ಅದು ಸರಿಯೇ. ಆದರೆ ಅದೇ ಹಿಜಾಬನ್ನು ಕಾರಣವಾಗಿಟ್ಟು ಮಗಳನ್ನು ಬೆಂಚಿನ ಮೇಲೆ ಕೂರಿಸುವ ನಾವು ಬೇರೇನು ಮಾಡುತ್ತಿದ್ದೇವೆ?

ಇಷ್ಟು ಹೇಳಿದ ಮೇಲೆ ಎಲ್ಲೆಗಳನ್ನೂ ಹೇಳಬೇಕು. ಮೊದಲನೆಯದಾಗಿ, ನಮಾಝ್ ತಪ್ಪಿಸುವ ಯಾವ ವಿನೋದವೂ ಅನುಗ್ರಹವಲ್ಲ. ಅಸರ್ ಮುಗಿಸಿ ಒಳಹೋಗಿ ಮಗ್ರಿಬ್‌ಗೆ ಮುನ್ನ ಹೊರಬರುವಂತೆ ಟಿಕೆಟ್ಟಿನ ವೇಳೆ ಆರಿಸಿಕೊಳ್ಳುವುದು ಕಷ್ಟವಲ್ಲ. ಎರಡನೆಯದಾಗಿ, ನೂಕುನುಗ್ಗಲು, ಅಬ್ಬರದ ಸಂಗೀತ, ಅಪರಿಚಿತರ ಕೈಹಿಡಿದು ಸಾಗಬೇಕಾದ ಸನ್ನಿವೇಶ ಇದ್ದಲ್ಲಿಗೆ ಹೋಗದಿರಿ. ಜನ ಕಡಿಮೆಯಿರುವ ವಾರದ ದಿನಗಳನ್ನು ಆರಿಸಿಕೊಳ್ಳಿ. ಮೂರನೆಯದಾಗಿ, ಜಾರುವ ಒಂದು ಗಂಟೆಗಿಂತ ತಿಂಡಿ ಅಂಗಡಿಗೆ ಸುರಿಯುವ ದುಡ್ಡೇ ಹೆಚ್ಚಾದರೆ ಅದು ದುಂದು. ದುಂದುಗಾರರ ಬಗ್ಗೆ ಪವಿತ್ರ ಕುರ್‌ಆನ್ ಕೊಟ್ಟ ಎಚ್ಚರಿಕೆ ನಮಗೆ ಗೊತ್ತಿದೆ. ನಾಲ್ಕನೆಯದಾಗಿ, ಮಗಳು ಜಾರಿ ಬೀಳುವುದನ್ನು ಚಿತ್ರೀಕರಿಸಿ ಊರಿಗೆಲ್ಲ ಹಂಚದಿರಿ. ಪರ್ದಾದ ಬಗ್ಗೆ ಗಂಟೆಗಟ್ಟಲೆ ಮಾತನಾಡಿ ಕೊನೆಗೆ ಮೊಬೈಲಿನಲ್ಲಿ ಅದನ್ನು ಕಳೆಯುವವರು ನಮ್ಮಲ್ಲಿದ್ದಾರೆ.

ಹಿಮದ ಮೇಲಿನ ಮೊದಲ ಪಾಠ ನಿಲ್ಲುವುದಲ್ಲ, ಬೀಳುವುದು. ಮೊಣಕಾಲು ಬಾಗಿಸಿ ಪಕ್ಕಕ್ಕೆ ಬೀಳಬೇಕು, ಹಿಂದಿನಿಂದ ಬರುವವರ ಅಲಗು ತಾಗದಂತೆ ಬೆರಳು ಮಡಚಿಕೊಳ್ಳಬೇಕು, ತಡಮಾಡದೆ ಏಳಬೇಕು. ಒಂಟೆಯನ್ನು ಕಟ್ಟಿ ನಂತರ ಅಲ್ಲಾಹನ ಮೇಲೆ ಭರವಸೆಯಿಡು ಎಂಬ ಪ್ರವಾದಿ(ಸ) ಬೋಧನೆಯನ್ನು ಹೆಲ್ಮೆಟ್ ಕಟ್ಟಿಕೊಳ್ಳುವ ಮಗುವಿಗೆ ಅಲ್ಲಿಯೇ ವಿವರಿಸಬಹುದು. ಭೂಮಿಯ ಮೇಲೆ ಸೊಕ್ಕಿನಿಂದ ನಡೆಯಬಾರದೆಂಬ ಕುರ್‌ಆನಿನ ಆದೇಶವೂ ಅಲ್ಲಿ ಬೇಗ ಅರ್ಥವಾಗುತ್ತದೆ. ಬಿದ್ದು ಏಳುವ ಈ ಧೈರ್ಯ ಗಂಡುಮಕ್ಕಳಿಗೆ ಮಾತ್ರ ಬೇಕಾದುದೇ? ನಾಳೆ ಪರೀಕ್ಷೆಯಲ್ಲಿ, ಮದುವೆಯ ಮನೆಯಲ್ಲಿ, ಬದುಕಿನ ಸಂಕಷ್ಟದಲ್ಲಿ ಎದ್ದು ನಿಲ್ಲಬೇಕಾದವಳು ಅವಳೂ ಹೌದು.

ಆದುದರಿಂದ ತಂದೆಯಂದಿರಲ್ಲಿ ನಮ್ಮ ವಿನಂತಿ ಇಷ್ಟೇ. ಮುಂದಿನ ರಜೆಯಲ್ಲಿ ದುಬೈಯ ರಿಂಕ್ ಆಗಿರಲಿ, ಬೆಳಗಾವಿಯ ಸ್ಕೇಟಿಂಗ್ ಅಂಗಳವಾಗಿರಲಿ, ಟಿಕೆಟ್ ಪಡೆಯುವಾಗ ಮಗಳನ್ನೂ ಎಣಿಸಿರಿ. ಅವಳ ಕೈಯನ್ನು ನೀವೇ ಹಿಡಿದುಕೊಳ್ಳಿರಿ. ನಾಲ್ಕೈದು ಕುಟುಂಬಗಳು ಜೊತೆಗೂಡಿ ಮಹಿಳೆಯರಿಗೆಂದೇ ಒಂದು ಗಂಟೆ ಮೀಸಲಿಡುವಂತೆ ಕೇಳಿರಿ. ಇಂತಹ ಬೇಡಿಕೆಯನ್ನು ಮುಂದಿಡಲು ನಮ್ಮ ಜಮಾಅತ್‌ಗಳೂ ನಾಚಬೇಕಾಗಿಲ್ಲ.

ನಮ್ಮ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಹಲಾಲ್ ಆದ ಆನಂದವನ್ನು ಹಯಾದೊಂದಿಗೆ ಅನುಭವಿಸುವ ಭಾಗ್ಯವನ್ನು ಅಲ್ಲಾಹನು ಕರುಣಿಸಲಿ. ಆಮೀನ್.