ಮನೆಯ ಜಮಾಖರ್ಚು: ಅರ್ಧ ಹೊತ್ತಿನ ಕೆಲಸ ಲಾಭವೇ?

“ಮಕ್ಕಳು ಶಾಲೆಗೆ ಹೋದ ಮೇಲೆ ನಾಲ್ಕು ಗಂಟೆಯ ಬಿಡುವಿದೆ. ಸಮೀಪದಲ್ಲೇ ಒಂದು ಕೆಲಸವೂ ದೊರೆಯುವಂತಿದೆ. ಆದರೆ ಸಂಬಳ ಬರತೊಡಗಿದರೆ ಗೃಹಲಕ್ಷ್ಮಿಯ ಹಣ ನಿಂತುಹೋದೀತಲ್ಲವೆ?”

ನಮ್ಮ ನಗರಗಳ ಎಷ್ಟೋ ಗೃಹಿಣಿಯರ ಮನಸ್ಸಿನಲ್ಲಿ ಇಂದು ಈ ಪ್ರಶ್ನೆಯಿದೆ. ಇದನ್ನು ಸೋಮಾರಿತನದ ಮಾತೆಂದು ಯಾರೂ ತಳ್ಳಿಹಾಕಬಾರದು. ತಿಂಗಳ ಕೊನೆಯ ವಾರವನ್ನು ನೂಕುವ ಕಷ್ಟವನ್ನು ಬಲ್ಲವರು, ತಪ್ಪದೆ ಬರುವ ಹಣವನ್ನು ಕಳೆದುಕೊಳ್ಳಲು ಅಂಜುವುದು ಸಹಜವೇ ಆಗಿದೆ. ಆದರೆ ಅಂಜಿಕೆಗೆ ಮೊದಲು ಲೆಕ್ಕವಾಗಬೇಕು.

ಗೃಹಲಕ್ಷ್ಮಿ ಯೋಜನೆಗೆ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ದೊರೆಯಿತು. ಪಡಿತರ ಚೀಟಿಯಲ್ಲಿ ಯಜಮಾನಿಯೆಂದು ಹೆಸರಿರುವ ಗೃಹಿಣಿಗೆ ತಿಂಗಳಿಗೆ 2,000 ರೂಪಾಯಿ ಕೊಡುವುದು ಅದರ ಉದ್ದೇಶ. ಅವಳಾಗಲಿ ಅವಳ ಪತಿಯಾಗಲಿ ಆದಾಯ ತೆರಿಗೆ ಕಟ್ಟುವವರಾಗಿರಬಾರದು, ಜಿ.ಎಸ್.ಟಿ. ವಿವರ ಸಲ್ಲಿಸುವವರೂ ಆಗಿರಬಾರದು ಎಂಬುದು ಅದರ ನಿಬಂಧನೆ. ದುಡಿಯಬಾರದೆಂದು ಅದರಲ್ಲಿ ಎಲ್ಲಿಯೂ ಹೇಳಿಲ್ಲ. ಐದಾರು ಸಾವಿರದ ಅರ್ಧ ಹೊತ್ತಿನ ಸಂಬಳ ಯಾರನ್ನೂ ತೆರಿಗೆದಾರರನ್ನಾಗಿ ಮಾಡುವುದಿಲ್ಲ. ಆದುದರಿಂದ ಈ ಒಂದು ಭಯವನ್ನು ಬಿಡಬಹುದು.

ನಿಜವಾದ ತೊಡಕು ಇರುವುದು ಬಿ.ಪಿ.ಎಲ್. ಕಾರ್ಡಿನಲ್ಲಿ. 2024ರ ನವೆಂಬರಿನಲ್ಲಿ ಕಾರ್ಡುಗಳ ಪರಿಶೀಲನೆಯ ಗದ್ದಲವೆದ್ದಾಗ ಎಲ್ಲರ ಬಾಯಲ್ಲೂ ಇದ್ದ ಮಿತಿ, ಇಡೀ ಕುಟುಂಬಕ್ಕೆ ವರ್ಷಕ್ಕೆ 1.20 ಲಕ್ಷ ರೂಪಾಯಿಯ ಆದಾಯ. ಎಂದರೆ ತಿಂಗಳಿಗೆ 10,000. ಬ್ರಿಟನ್ನಿನಲ್ಲಿ ಸರ್ಕಾರದ ನೆರವು ಪಡೆಯುವ ಸಂಸಾರ ಹೆಚ್ಚು ದುಡಿದರೆ ನೆರವು ಇಳಿಜಾರಿನಂತೆ ಕ್ರಮೇಣ ಇಳಿಯುತ್ತದೆ. ಮಕ್ಕಳಿರುವವರಿಗೆ ಒಂದು ಮೊತ್ತದವರೆಗೆ ಕಡಿತವೇ ಇಲ್ಲ. ಅದರ ಮೇಲೆ ಕೈಗೆ ಬಂದ ಪ್ರತಿ ಪೌಂಡಿಗೆ 55 ಪೆನ್ಸ್ ಕಡಿಮೆಯಾಗುತ್ತದೆ. 2021ರ ಕೊನೆಯಿಂದ ಅಲ್ಲಿ ಈ ದರವಿದೆ. ನಮ್ಮಲ್ಲಿ ಇಳಿಜಾರಿಲ್ಲ, ಹೊಸ್ತಿಲಿದೆ. ಅದನ್ನು ಒಂದು ಹೆಜ್ಜೆ ದಾಟಿದರೂ ಕಾರ್ಡಿನ ಅರ್ಹತೆ ಪೂರ್ತಿಯಾಗಿ ಹೋಗುತ್ತದೆ.

ಒಂದು ಸಂಸಾರವನ್ನು ಊಹಿಸಿಕೊಳ್ಳೋಣ. ಯಜಮಾನರು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ; ಸಂಬಳ 9,000. ಗೃಹಿಣಿಗೆ ದಿನಕ್ಕೆ ನಾಲ್ಕು ಗಂಟೆಯಂತೆ 26 ದಿನದ ಕೆಲಸಕ್ಕೆ 6,000 ರೂಪಾಯಿ ಬರುವಂತಿದೆ. ಮಗು ಶಾಲೆಯಿಂದ ಬಂದ ಮೇಲೆ ನೋಡಿಕೊಳ್ಳುವವರಿಗೆ 1,500, ಆತುರದ ದಿನಗಳಲ್ಲಿ ಹೊರಗಿನಿಂದ ತರಿಸುವ ತಿಂಡಿಗೆ 500 ಎಂದು ಕಳೆದರೆ ಉಳಿಯುವುದು 4,000. ಬಸ್ಸಿನ ಖರ್ಚನ್ನು ಸೇರಿಸಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳು ಹೆಂಗಸರಿಗೆ ಉಚಿತವಾಗಿವೆ. ಈ ಲೆಕ್ಕದಲ್ಲಿ ಗಂಟೆಗೆ ಸುಮಾರು 38 ರೂಪಾಯಿ ದಕ್ಕಿತು.

ಆದರೆ ಕುಟುಂಬದ ಆದಾಯ ಈಗ ವರ್ಷಕ್ಕೆ 1.80 ಲಕ್ಷವಾಯಿತು. ಬಿ.ಪಿ.ಎಲ್. ಕಾರ್ಡಿನ ಅಕ್ಕಿಯನ್ನು ಇನ್ನು ಅಂಗಡಿಯಲ್ಲಿ ಕೊಳ್ಳಬೇಕು. ಅದಕ್ಕೆ 1,500 ರೂಪಾಯಿ ಹಿಡಿದರೆ ನಿವ್ವಳ ಲಾಭ 2,500ಕ್ಕೆ ಇಳಿಯುತ್ತದೆ. ಗಂಟೆಗೆ 24 ರೂಪಾಯಿ. ಲಾಭವೇನೋ ಇದೆ, ಆದರೆ 6,000 ಎಂದಾಗ ತೋರಿದಷ್ಟಿಲ್ಲ.

ಅಕ್ಕಿಗಿಂತ ದೊಡ್ಡ ವಿಷಯ ಆಸ್ಪತ್ರೆಯದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ದೊರೆಯುತ್ತದೆ. ಎ.ಪಿ.ಎಲ್. ಕುಟುಂಬಕ್ಕೆ ದೊರೆಯುವುದು ನಿಗದಿಪಡಿಸಿದ ವೆಚ್ಚದ ಶೇಕಡ 30 ಮಾತ್ರ, ಅದೂ 1.50 ಲಕ್ಷದವರೆಗೆ. ಮನೆಯಲ್ಲಿ ಹೃದ್ರೋಗಿಗಳೋ ಡಯಾಲಿಸಿಸ್ ಬೇಕಾದವರೋ ಇದ್ದರೆ ತಿಂಗಳ 2,500 ಈ ನಷ್ಟವನ್ನು ತುಂಬಲಾರದು.

ಇದಕ್ಕೆ ಪರಿಹಾರ ಇಲ್ಲದಿಲ್ಲ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ, ಇ.ಎಸ್.ಐ. ಕಾಯಿದೆಗೆ ಒಳಪಟ್ಟ ಸಂಸ್ಥೆಯಲ್ಲಿ 21,000 ರೂಪಾಯಿಯವರೆಗೆ ಸಂಬಳವಿರುವವರಿಗೆ ಇ.ಎಸ್.ಐ. ಅನ್ವಯಿಸುತ್ತದೆ. ಅರ್ಧ ಹೊತ್ತು ದುಡಿಯುವವರನ್ನು ಅದು ಹೊರಗಿಟ್ಟಿಲ್ಲ. ನೌಕರರ ಪಾಲು ಸಂಬಳದ ಶೇಕಡ 0.75, 6,000ಕ್ಕೆ 45 ರೂಪಾಯಿ. ಮಾಲೀಕರದು ಶೇಕಡ 3.25. ನಿಯಮದಂತೆ ಅವಲಂಬಿತರಿಗೂ ಚಿಕಿತ್ಸೆಯುಂಟು. ಆದುದರಿಂದ ಕೆಲಸ ಕೇಳಲು ಹೋದಾಗ “ಸಂಬಳವೆಷ್ಟು?” ಎಂಬುದರ ಜೊತೆಗೆ “ಇ.ಎಸ್.ಐ. ಇದೆಯೆ?” ಎಂದೂ ಕೇಳಿರಿ. ಅದೇ ಆರು ಸಾವಿರ ಇ.ಎಸ್.ಐ. ಇರುವಲ್ಲಿ ಲಾಭ, ಇಲ್ಲದಲ್ಲಿ ಸಂದೇಹ.

ಮನೆಯಲ್ಲೇ ಹೊಲಿಗೆಯನ್ನೋ ತಿಂಡಿ ತಯಾರಿಕೆಯನ್ನೋ ಆರಂಭಿಸುವವರು ಮತ್ತೆರಡು ಹೊಸ್ತಿಲುಗಳನ್ನು ನೆನಪಿಡಬೇಕು. ಗೃಹಜ್ಯೋತಿಯಲ್ಲಿ ವಿದ್ಯುತ್ ಬಳಕೆ 200 ಯೂನಿಟ್ ದಾಟಿದ ತಿಂಗಳು, ದಾಟಿದಷ್ಟಕ್ಕೆ ಮಾತ್ರವಲ್ಲದೆ ಇಡೀ ಬಿಲ್ಲಿಗೆ ಹಣ ಕಟ್ಟಬೇಕು. ಇನ್ನು ಜಿ.ಎಸ್.ಟಿ. ನೋಂದಣಿ: ಸೇವೆಗೆ ವರ್ಷಕ್ಕೆ 20 ಲಕ್ಷ, ಸರಕಿನ ಮಾರಾಟಕ್ಕೆ 40 ಲಕ್ಷ ರೂಪಾಯಿಯ ವಹಿವಾಟಿನವರೆಗೆ ಅದು ಸಾಮಾನ್ಯವಾಗಿ ಕಡ್ಡಾಯವಲ್ಲ. ಯಾರೋ ಹೇಳಿದರೆಂದು ಮುಂಚೆಯೇ ನೋಂದಾಯಿಸಿ ವಿವರ ಸಲ್ಲಿಸತೊಡಗಿದರೆ ಗೃಹಲಕ್ಷ್ಮಿ ನಿಲ್ಲುತ್ತದೆ.

ಸಂಬಳವನ್ನು ಮರೆಮಾಚಿ ಕಾರ್ಡನ್ನು ಉಳಿಸಿಕೊಳ್ಳುವ ಸಲಹೆಯನ್ನು ನೆರೆಹೊರೆಯವರು ಕೊಟ್ಟಾರು. ಅದನ್ನು ಒಪ್ಪಬೇಡಿರಿ. ಪರಿಶೀಲನೆ ನಡೆದಾಗಲೆಲ್ಲ ಎದೆ ಡವಡವಗುಟ್ಟುವ ಸಂಸಾರಕ್ಕೆ ಆ ಅಕ್ಕಿ ಅಗ್ಗವಲ್ಲ.

ಕೊನೆಯದಾಗಿ ಒಂದು ಮಾತು. ಮಗುವಿಗೆ ಮೂರು ವರ್ಷವಾಗಿದ್ದಾಗ ಗಂಟೆಗೆ 24 ರೂಪಾಯಿಯ ಕೆಲಸ ಬೇಡವೆನಿಸಬಹುದು. ಅದೇ ಮಗು ಹತ್ತರ ಪ್ರಾಯಕ್ಕೆ ಬಂದಾಗ, ನೋಡಿಕೊಳ್ಳುವವರ ಖರ್ಚು ಉಳಿದಾಗ, ಅದೇ ಕೆಲಸ ಬೇಕೆನಿಸಬಹುದು. ದುಡಿಮೆಯ ಅನುಭವದಿಂದ ಮುಂದಿನ ವರ್ಷ ಸಂಬಳ ಏರುವ ಸಂಭವವಿದ್ದರೆ ಅದನ್ನೂ ಜಮೆಯ ಕಡೆಗೆ ಬರೆಯಿರಿ. ಒಂದು ಸಂಜೆ ಪತಿಪತ್ನಿಯರಿಬ್ಬರೂ ಕಾಗದ ಪೆನ್ಸಿಲು ಹಿಡಿದು ಕುಳಿತು, ಬರುವುದೆಷ್ಟು, ಖರ್ಚಾಗುವುದೆಷ್ಟು, ಕೈಬಿಡುವುದೆಷ್ಟು, ಕಾಯಿಲೆ ಬಂದರೆ ದಾರಿಯೇನು ಎಂಬ ನಾಲ್ಕನ್ನು ಬರೆದು ನೋಡಿದರೆ, ಹೂಂ ಎನ್ನಬೇಕೋ ಬೇಡವೆನ್ನಬೇಕೋ ಎಂಬುದು ಅವರಿಗೇ ತಿಳಿಯುತ್ತದೆ.